ಚಿಗವ್ವನ ಮಾತಿಗೆ ನಕ್ಕವರು

ಚಿಗವ್ವ ತೀರಿಕೊಂಡ ಮೇಲೆ ಊರಿನವರು ಒಂದು ಸಂತಾಪ ಸಭೆ ಇಟ್ಟುಕೊಂಡಿದ್ದರು. ಊರಿನ ಸುದ್ದಿ ಪತ್ರಿಕೆಗೆ ಕಳಿಸುತ್ತಿದ್ದ ಹಳೆಯ ಬಾತ್ಮೀದಾರ ಅಂತ ನನಗೂ ಫೋನು ಮಾಡಿದರು. ಹುಬ್ಬಳ್ಳಿಯಿಂದ ಬೆಳಗಿನ ಬಸ್ಸು ಹಿಡಿದು ಹೋದೆ. ಸಭೆ ಗರಡಿ ಮನೆಯಲ್ಲಿ. ಈಗ ಅಲ್ಲಿ ಕುಸ್ತಿ ಕಲಿಯುವವರು ಯಾರೂ ಇಲ್ಲ. ಲಗ್ನದ ಊಟಕ್ಕೆ, ಚುನಾವಣೆಯ ಭಾಷಣಕ್ಕೆ, ಇಂಥ ಸಭೆಗಳಿಗೆ ಆ ಕಟ್ಟಡ ಉಪಯೋಗಕ್ಕೆ ಬರುತ್ತದೆ. ಒಂದು ಕುರ್ಚಿಯ ಮೇಲೆ ಚಿಗವ್ವನ ಫೋಟೋ ಇಟ್ಟು ಸೇವಂತಿಗೆ ಮಾಲೆ ಹಾಕಿದ್ದರು. ಮುಂದೆ ಕುರ್ಚಿಗಳಲ್ಲಿ ಗಂಡಸರು, ಹಿಂದೆ ಜಮಖಾನೆಯ ಮೇಲೆ ಹೆಂಗಸರು.

ಮಾತಾಡಲು ಎದ್ದವರೆಲ್ಲ ಚಿಗವ್ವನ ಒಂದೊಂದು ಮಾತು ನೆನಪು ಮಾಡಿಕೊಂಡರು. ಪ್ರತಿ ಮಾತಿಗೂ ನಗೆ ಎದ್ದಿತು. ನನ್ನ ಸರದಿ ಬಂದಾಗ ನಾನೂ ಒಂದು ಹೇಳಿದೆ. ಊರಬಾಗಿಲಿನ ಅಗಸಿಯ ಕಟ್ಟೆಯ ಮೇಲೆ ಕುಳಿತ ಮೀಸೆಯ ಹಿರಿಯರೊಬ್ಬರು, "ಗಂಡ ಅಂದ್ರ ಹೆಣ್ಣಿಗೆ ಛತ್ರಿ ಇದ್ದಂಗ, ತಿಳಕೋ ಚಿಗವ್ವ" ಅಂದಿದ್ದರು. "ಖರೇ ಐತಿ ಕಾಕಾ," ಅಂದರಂತೆ ಚಿಗವ್ವ, "ಮಳಿ ಬಂದಾಗ ನೋಡಿದ್ರ ಎಲ್ಲೋ ಮರತು ಬಂದಿರ್ತೀವಿ."

ಗರಡಿ ಮನೆ ನಗೆಯಿಂದ ತುಂಬಿತು. ನಾನು ಕೂತೆ. ಕೂತ ಮೇಲೆ ನನಗೆ ಒಂದು ವಿಷಯ ಹೊಳೆಯಿತು. ಅಲ್ಲಿ ಹೇಳಿದ ಮಾತುಗಳೆಲ್ಲ, ನನ್ನದೂ ಸೇರಿ, ಆ ಗರಡಿ ಮನೆ ಕಟ್ಟುವುದಕ್ಕಿಂತ ಮೊದಲಿನವು. ಆಮೇಲಿನ ಒಂದು ನಗೆಮಾತನ್ನೂ ಯಾರೂ ಹೇಳಲಿಲ್ಲ. ಹೇಳುವುದಕ್ಕೆ ಇರಲಿಲ್ಲ. ಚಿಗವ್ವ ಆಮೇಲೆ ನಲವತ್ತು ವರ್ಷ ಬದುಕಿದ್ದರು.

ಅವರ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ. ಆಗ ನಾನು ಪತ್ರಿಕೆಗೆ ಕಳಿಸಿದ ಬಾತ್ಮಿಗಳಲ್ಲಿ 'ಸದಸ್ಯೆಯೊಬ್ಬರು' ಅಂತಷ್ಟೇ ಬರೆಯುತ್ತಿದ್ದೆ. ಬೇಕಾದಾಗ ಬರೆಯದ ಹೆಸರನ್ನು ಈಗ ಬರೆದು ದೊಡ್ಡವನಾಗುವುದು ಸರಿಯಲ್ಲ. ಊರೆಲ್ಲ ಅವರನ್ನು ಚಿಗವ್ವ, ಅಂದರೆ ಚಿಕ್ಕಮ್ಮ, ಅನ್ನುತ್ತಿತ್ತು. ನಾನೂ ಅಷ್ಟೇ ಅನ್ನುತ್ತೇನೆ.

ಎಪ್ಪತ್ತರ ದಶಕದ ನಡುವಿನ ಮಾತು. ನವಲಗುಂದ ತಾಲೂಕಿನ ನಮ್ಮೂರು ಎರಿ ಭೂಮಿಯ, ಕಪ್ಪುಮಣ್ಣಿನ ಬಯಲಿನ ಊರು. ಮೊರಬದ ಕಡೆಗೆ ಮುಖ ಮಾಡಿ ನಿಂತರೆ ಕಣ್ಣಿಗೆ ಅಡ್ಡ ಬರುವುದು ಏನೂ ಇಲ್ಲ. ಸುಗ್ಗಿ ಮುಗಿದ ಮೇಲಂತೂ ಅರ್ಧ ಹರದಾರಿ ಆಚೆ ಹೋಗುವ ನಾಯಿಯೂ ಕಾಣುತ್ತದೆ. ಈ ಬಯಲಿನ ವಿಷಯವನ್ನು ನಾನು ಆಗ ಯೋಚಿಸಿರಲಿಲ್ಲ. ಯೋಚಿಸುವ ಪ್ರಸಂಗ ಗಂಡಸರಿಗೆ ಬರುವುದಿಲ್ಲ.

ಪಂಚಾಯ್ತಿಯಲ್ಲಿ ಹೆಣ್ಣುಮಕ್ಕಳಿಗೆಂದು ಎರಡು ಜಾಗ ಇದ್ದವು. ಆ ಜಾಗಗಳಿಗೆ ಹೆಸರು ಬರೆಸುವವರು ಚೇರಮನ್ನರು. ತಮ್ಮ ಪಾರ್ಟಿಯ ಒಬ್ಬ ಬಡಪಾಯಿಯ ಹೆಂಡತಿಯನ್ನು ಹುಡುಕುತ್ತಿದ್ದರು. ಚಿಗವ್ವನ ಗಂಡ ಮಾತು ಕಡಿಮೆ, ಜಗಳ ಇಲ್ಲ; ಎದುರಿಗೆ ಯಾರು ಬಂದರೂ ಸೈಕಲ್ಲಿನಿಂದ ಇಳಿದು ನಿಲ್ಲುವ ಮನುಷ್ಯ. ಹೆಂಡತಿಯೂ ಹಾಗೇ ಇರಬೇಕೆಂದು ಚೇರಮನ್ನರು ಲೆಕ್ಕ ಹಾಕಿದರು. ಆ ಮನೆಯ ಹಿತ್ತಲಿಗೆ ಅವರು ಒಮ್ಮೆಯಾದರೂ ಹೋಗಿ ನಿಂತು ಕೇಳಿದ್ದರೆ ಆ ತಪ್ಪು ಆಗುತ್ತಿರಲಿಲ್ಲ.

ಹೆಣ್ಣು ಮೆಂಬರರು ಮೀಟಿಂಗಿಗೆ ಬರುವ ಪದ್ಧತಿ ಇರಲಿಲ್ಲ. ಮೀಟಿಂಗು ಮುಗಿದ ಮೇಲೆ ಸಿಪಾಯಿ ಠರಾವಿನ, ಅಂದರೆ ನಿರ್ಣಯಗಳ, ಪುಸ್ತಕವನ್ನು ಬಗಲಲ್ಲಿಟ್ಟುಕೊಂಡು ಅವರ ಮನೆಗೆ ಹೋಗುತ್ತಿದ್ದ. ಒಲೆಯ ಮುಂದಿನಿಂದ ಎದ್ದು ಬಂದು, ಹಿಟ್ಟಿನ ಕೈ ಒರೆಸಿಕೊಂಡು, ಅವರು ಹೆಬ್ಬೆಟ್ಟು ಒತ್ತಬೇಕು. ಚಿಗವ್ವನ ಮನೆಗೂ ಪುಸ್ತಕ ಹೋಯಿತು. ಅವರು ನಾಲ್ಕನೆಯ ಇಯತ್ತೆ ಓದಿದವರು. ಪುಸ್ತಕ ತೆರೆದು ಕೊನೆಯತನಕ ಓದಿದರು.

"ಪುಸ್ತಕ ಬಂತು. ಮೀಟಿಂಗ್ ಎಲ್ಲಿ ಐತಿ?" ಅಂದರು.

"ಅದು ಆಗಿ ಹೋತವ್ವ."

"ಹಂಗಾರ ಉಂಡ ಗಂಗಾಳ ತೊಳ್ಯಾಕ ನನ್ನ ಕಡೆ ತಂದಿ ಅನ್ನು."

ಸಿಪಾಯಿ ಪುಸ್ತಕ ತೆಗೆದುಕೊಂಡು ವಾಪಸು ಬಂದ. ಮುಂದಿನ ಮೀಟಿಂಗಿನ ದಿನ ಚಿಗವ್ವ ತಲೆ ತುಂಬ ಸೆರಗು ಹೊದ್ದು ಪಂಚಾಯ್ತಿಯ ಬಾಗಿಲಲ್ಲಿ ನಿಂತಿದ್ದರು. ನಾನು ಒಳಗೆ ಇದ್ದೆ. ಹುಬ್ಬಳ್ಳಿಯ ಒಂದು ದಿನಪತ್ರಿಕೆಗೆ ಊರಿನ ಸುದ್ದಿ ಕಳಿಸುವ ಕೆಲಸ ನನ್ನದು. ಸಂಬಳ ಅಂತ ಹೇಳುವಂಥದ್ದೇನೂ ಇರಲಿಲ್ಲ. ಹೆಸರಿನ ಮುಂದೆ ಬಾತ್ಮೀದಾರ ಅಂತ ಹಾಕಿಕೊಳ್ಳಬಹುದಿತ್ತು.

ಚೇರಮನ್ನರು ಗಡಬಡಿಸಿ ಎದ್ದರು. "ಚಿಗವ್ವ, ನೀ ಯಾಕ ತ್ರಾಸ ತಗೊಂಡು ಬಂದಿ?"

"ತ್ರಾಸ ಏನಿಲ್ಲೋ ಯಪ್ಪಾ. ಮನ್ಯಾಗ ಒಬ್ಬ ಗಂಡಸಿನ ಮಾತ ಕೇಳಿ ಕೇಳಿ ಬ್ಯಾಸರಾಗಿತ್ತು. ಇಲ್ಲಿ ಭಾಳ ಮಂದಿ ಸಿಗ್ತಾರಂತ ಬಂದೆ."

ಎಲ್ಲರೂ ನಕ್ಕರು. ಕುರ್ಚಿ ಇರಲಿಲ್ಲ, ಜಮಖಾನೆ ಹಾಸಿ, ಅಲ್ಲಿ ಕೂಡ್ರಲು ಹೇಳಿದರು. ಎಲ್ಲರಿಗಿಂತ ಹಿರಿಯ ಮೆಂಬರರು, ಅದೇ ಛತ್ರಿಯ ಕಾಕಾ, "ಹೆಣ್ಮಕ್ಕಳಿಗೆ ಪಂಚಾಯ್ತಿ ವ್ಯವಹಾರ ತಿಳಿಯೂದಿಲ್ಲ ಬಿಡ್ರಿ" ಅಂದರು. ಚಿಗವ್ವ ಜಮಖಾನೆಯ ಸುಕ್ಕು ಸರಿಮಾಡುತ್ತ, "ಅದಕ್ಕ ಸರಕಾರದವ್ರು ನನ್ನ ತಂದು ನಿಮ್ಮ ಜೋಡಿ ಕುಂದರಿಸ್ಯಾರ ಕಾಕಾ" ಅಂದರು.

ಸೆಕ್ರೆಟರಿ ಹಾಜರಿ ಬರೆಯಲು ಗಂಡನ ಹೆಸರು ಕೇಳಿದ. ಗಂಡನ ಹೆಸರು ಬಾಯಿಂದ ಹೇಳಬಾರದು. ಚಿಗವ್ವ ಅವನ ಪುಸ್ತಕದತ್ತ ಬಗ್ಗಿ ನೋಡಿದರು. ಅಲ್ಲಿ ಅವರ ಹೆಸರು ಇರಲಿಲ್ಲ; ಗಂಡನ ಹೆಸರಿಗೆ ಜಾಗ ಬಿಟ್ಟು 'ಇವರ ಹೆಂಡತಿ' ಅಂತಷ್ಟೇ ಬರೆದಿತ್ತು. "ಅವರ ಹೆಸರ ನಾ ಹೇಳಂಗಿಲ್ಲ, ನನ್ನ ಹೆಸರ ನೀ ಬರಿಯಂಗಿಲ್ಲ. ಇಬ್ಬರದೂ ಒಂದಽ ನೇಮ ಆತು ನೋಡು," ಅಂದರು.

ಒಂದು ರೂಢಿ ಅವರಿಗಿತ್ತು. ಮಾತು ಹೇಳಿ ತಾವು ನಗುತ್ತಿರಲಿಲ್ಲ. ಸೆರಗಿನ ತುದಿಯಿಂದ ತುಟಿ ಒರೆಸಿಕೊಳ್ಳುತ್ತಿದ್ದರು, ಊಟ ಮುಗಿಸಿದವರ ಹಾಗೆ. ಅವರು ತುಟಿ ಒರೆಸಿದರೆ ಮಾತು ಮುಗಿಯಿತು, ಇನ್ನು ನಗಬಹುದು ಎಂದು ಅರ್ಥ. ಊರಿನ ಗಂಡಸರು ಇದನ್ನು ಬೇಗ ಕಲಿತರು.

ನಾನು ಅವರ ಮಾತುಗಳನ್ನು ಪತ್ರಿಕೆಗೆ ಕಳಿಸತೊಡಗಿದೆ. ಚೌಕಟ್ಟು ಹಾಕಿ ಅಚ್ಚು ಮಾಡಿದರು. ಓದುಗರಿಗೆ ಹಿಡಿಸಿತು. ನನ್ನನ್ನು ಹುಬ್ಬಳ್ಳಿಯ ಕಚೇರಿಯಲ್ಲಿ ಗುರುತು ಹಿಡಿದು ಚಹಾ ಕೊಡಿಸುವಷ್ಟು ಹಿಡಿಸಿತು. ಮೊದಮೊದಲು ನಾನು ಎರಡು ಸಾಲು ಹೆಚ್ಚಿಗೆ ಬರೆಯುತ್ತಿದ್ದೆ: ಚಿಗವ್ವ ಏನು ಕೇಳಲು ಬಂದಿದ್ದರು, ಪಂಚಾಯ್ತಿ ಏನು ಅಂದಿತು. ಬಾವಿಯ ರಾಟಿ ಮುರಿದದ್ದು, ಸೂಲಗಿತ್ತಿಗೆ ಕಂದೀಲು ಕೊಡಬೇಕೆಂದದ್ದು. ಉಪಸಂಪಾದಕರು ಆ ಸಾಲುಗಳನ್ನು ಹೊಡೆದುಹಾಕಿ ನಗೆಯ ಸಾಲು ಉಳಿಸುತ್ತಿದ್ದರು. ಜಾಗ ಕಡಿಮೆ ಎಂಬುದು ಕಾರಣ. ಕೆಲ ದಿನಗಳಲ್ಲಿ ನಾನೇ ಆ ಸಾಲುಗಳನ್ನು ಬರೆಯುವುದು ಬಿಟ್ಟೆ. ಹೇಗೂ ಹೋಗುವ ಸಾಲು ಬರೆದು ಶಾಯಿ ಯಾಕೆ ಖರ್ಚು ಮಾಡಬೇಕು?

ಚಿಗವ್ವ ಪತ್ರಿಕೆ ಓದಿ ಒಂದು ದಿನ ನನ್ನನ್ನು ಬಾಗಿಲಲ್ಲಿ ನಿಲ್ಲಿಸಿದರು. "ಛಲೋ ಬರದೀ ತಮ್ಮಾ. ಲಗ್ನದ ಊಟದ ಸುದ್ದಿ ಬರದು, ಯಾರ ಲಗ್ನ ಅನ್ನೂದು ಬಿಟ್ಟೀದಿ." ನಾನು ನಕ್ಕೆ. ಮರುದಿನ ಆ ಮಾತನ್ನೂ ಕಳಿಸಬಹುದೇ ಎಂದು ಯೋಚಿಸಿದೆ.

ಅವರ ಮಾತಿನ ಸುಂಕ ಯಾರು ಕಟ್ಟುತ್ತಿದ್ದರೆಂಬುದು ನನಗೆ ತಡವಾಗಿ ತಿಳಿಯಿತು. ಕಟ್ಟೆಯ ಮೇಲೆ ಒಬ್ಬ ಕೊಚ್ಚಿಕೊಳ್ಳುತ್ತಿದ್ದ: "ನಾ ಒಂದ ಸರ್ತಿ ಕೆಮ್ಮಿದ್ರ ಸಾಕು, ನನ್ನ ಹೇಣ್ತಿ ಗಡಗಡ ನಡಗತಾಳ." ನೀರಿನ ಕೊಡ ಹೊತ್ತು ಹೊರಟಿದ್ದ ಚಿಗವ್ವ ನಿಂತರು. "ಚಳಿಜ್ವರಕ್ಕೂ ಮಂದಿ ನಡಗತಾರೋ ತಮ್ಮಾ. ಯಾರೂ ಜ್ವರಕ್ಕ ಮರ್ಯಾದಿ ಕೊಡೂದಿಲ್ಲ." ಕಟ್ಟೆ ಬಿದ್ದು ಬಿದ್ದು ನಕ್ಕಿತು. ಅವನೂ ನಕ್ಕ. ನಕ್ಕು ಮನೆಗೆ ಹೋಗಿ ಬಾಗಿಲು ಹಾಕಿಕೊಂಡು ಹೆಂಡತಿಯನ್ನು ಹೊಡೆದ. ಆ ಹೆಣ್ಣುಮಗಳಿಗೆ ಕಟ್ಟೆಯ ಮೇಲೆ ಏನಾಗಿತ್ತೆಂಬುದು ಗೊತ್ತಿರಲಿಲ್ಲ. ಯಾಕೆ ಹೊಡೆತ ಬೀಳುತ್ತಿದೆ ಎಂದು ಗೊತ್ತಿಲ್ಲದೆ ತಿಂದಳು.

ಚಿಗವ್ವ ಹಲವು ದಿನ ಆ ಮನೆಗೆ ಅರಿಶಿನ, ಎಣ್ಣೆ ತೆಗೆದುಕೊಂಡು ಹೋದರು. ನಾನು ಎದುರಿಗೆ ಸಿಕ್ಕಾಗ, "ಮಾತ ನನ್ನದು, ಬೆನ್ನು ಆಕೀದು" ಅಂದರು. ತುಟಿ ಒರೆಸಿಕೊಳ್ಳಲಿಲ್ಲ. ಅಂದಿನಿಂದ ಅವರು ಒಬ್ಬ ಗಂಡಸನ್ನು ಹಿಡಿದು ಆಡುವುದನ್ನು ಬಿಟ್ಟು ಎಲ್ಲರನ್ನೂ ಸೇರಿಸಿ ಆಡತೊಡಗಿದರು. ಎಲ್ಲರನ್ನೂ ಆಡಿದರೆ ಯಾರೂ ಆ ಸಿಟ್ಟನ್ನು ಮನೆಗೆ ಒಯ್ಯುವುದಿಲ್ಲ ಅಂತ ಅವರ ಲೆಕ್ಕ. ಜ್ವರದ ಮಾತನ್ನು ನಾನು ಅಷ್ಟರಲ್ಲಿ ಕಳಿಸಿಯಾಗಿತ್ತು. ಅಚ್ಚಾಗಿ ಬಂತು.

ನಮ್ಮಲ್ಲಿ ಹೆಂಗಸರು ಕಟ್ಟೆಯ ಮೇಲೆ ಕೂತಿದ್ದಾಗ ಹಿರಿಯ ಗಂಡಸು ಹಾದುಹೋದರೆ ಎದ್ದು ನಿಲ್ಲಬೇಕು. ಸ್ವಂತ ಮನೆಯ ಕಟ್ಟೆಯಾದರೂ ಸರಿ. ಇದಕ್ಕೂ ಮೊದಲು ಚಿಗವ್ವ ಒಮ್ಮೆ ಮೊರದಲ್ಲಿ ಜೋಳ ಹಸನು ಮಾಡುತ್ತ ಕೂತಿದ್ದರು. ಛತ್ರಿಯ ಕಾಕಾ ನಿಂತು ಕೆಮ್ಮಿದರು. ಚಿಗವ್ವ ಏಳಲಿಲ್ಲ. "ಹಿರೇರು ಬಂದ್ರ ಏಳೂ ಪದ್ಧತಿ ಹೋತೇನ?" ಅಂದರು ಕಾಕಾ. "ಎದ್ರ ಜೋಳ ಚೆಲ್ಲತಾವ. ಮರ್ಯಾದಿ ಬೇಕೋ ಸಂಜಿಗೆ ರೊಟ್ಟಿ ಬೇಕೋ, ವಿಚಾರ ಮಾಡಿ ಹೇಳ್ರಿ ಕಾಕಾ. ಕುಂತೇನಿ." ಕಾಕಾ ರೊಟ್ಟಿಯನ್ನೇ ಆರಿಸಿಕೊಂಡು ಮುಂದೆ ನಡೆದರು ಅಂತ ಊರಲ್ಲಿ ಬಹಳ ದಿನ ಹೇಳಿಕೊಂಡು ನಕ್ಕರು.

ಊರ ಬಾಜೂಕೆ ಒಂದು ತಗ್ಗು ಇತ್ತು, ಪಂಚಾಯ್ತಿಯ ಜಾಗ. ಜಾಲಿ ಗಿಡಗಳು ದಟ್ಟವಾಗಿ ಬೆಳೆದಿದ್ದವು. ಬಟಾಬಯಲಿನ ಊರಿನಲ್ಲಿ ಮರೆ ಅಂತ ಇದ್ದದ್ದು ಅದೊಂದೇ. ಹೆಂಗಸರು ಬಯಲಕಡೆಗೆ ಹೋಗುತ್ತಿದ್ದದ್ದು ಅಲ್ಲಿಗೆ, ನಸುಕಿನಲ್ಲಿ ಮತ್ತು ಕತ್ತಲಾದ ಮೇಲೆ, ಜೊತೆಗೂಡಿ. ಮಳೆಗಾಲದಲ್ಲಿ ಎರಿಮಣ್ಣು ಮೊಣಕಾಲತನಕ ಹಿಡಿದುಕೊಳ್ಳುತ್ತಿತ್ತು. ಆಗ ಹುಬ್ಬಳ್ಳಿ ರಸ್ತೆಯ ಅಂಚೇ ಗತಿ. ಬಸ್ಸಿನ ದೀಪ ಬಿದ್ದರೆ ಸಾಲಾಗಿ ಎದ್ದು, ಬೆನ್ನು ತಿರುಗಿಸಿ ನಿಲ್ಲಬೇಕು. ಬಸ್ಸು ಹೋದ ಮೇಲೆ ಕೂಡ್ರಬೇಕು.

ಒಂದು ವರ್ಷ ಸರಕಾರದಿಂದ ಗರಡಿ ಮನೆಗೆ ಅನುದಾನ ಬಂತು. ಚೇರಮನ್ನರಿಗೆ ಗರಡಿ ಕಟ್ಟಿಸುವ ಆಸೆ ಬಹಳ ದಿನದ್ದು. ಊರಿನ ಹುಡುಗರು ಬೀಡಿ ಸೇದಿ ಹಾಳಾಗುತ್ತಿದ್ದಾರೆ, ಅವರನ್ನು ಗಂಡಸರನ್ನಾಗಿ ಮಾಡಬೇಕು ಅನ್ನುತ್ತಿದ್ದರು. ಜಾಗ ಕೊಳ್ಳುವ ಪ್ರಶ್ನೆ ಇಲ್ಲ. ಜಾಲಿ ಕಡಿದು ತಗ್ಗು ತುಂಬಿದರೆ ಆಯಿತು. ಆ ತಗ್ಗು ಯಾತಕ್ಕೆ ಉಪಯೋಗವಾಗುತ್ತದೆ ಎಂಬುದು ಎಲ್ಲರಿಗೂ ಗೊತ್ತಿತ್ತು. ಗೊತ್ತಿದೆ ಎಂದು ಬಾಯಿ ಬಿಟ್ಟು ಹೇಳುವುದು ಮರ್ಯಾದೆಯಲ್ಲ.

ಚಿಗವ್ವ ಹೇಳಿದರು.

"ನಮ್ಮೂರ ಹೆಣ್ಮಕ್ಕಳು ದಿನಾ ರಾತ್ರಿ ಉಪಾಸ ಮಾಡ್ತಾರ. ಯಾವ ದೇವ್ರಿಗಂತ ಆ ದೇವ್ರಿಗೂ ಗೊತ್ತಿಲ್ಲ. ಉಂಡ್ರ ಕತ್ತಲ್ಯಾಗ ಏಳಬೇಕಲ್ಲ?"

ನಗೆ.

"ಪೈಲ್ವಾನರನ್ನ ತಯಾರ ಮಾಡ್ತೀರಲ್ಲ, ಹೊತ್ತು ಮೂಡೂದ್ರಿಂದ ಮುಣಗೂತನ ಹೊಟ್ಟಿ ಹಿಡಕೊಂಡು ಹೊಲದಾಗ ಕಳೇವು ತಗ್ಯೂದು ಮೊದಲ ಕಲಸ್ರಿ. ನಾವೆಲ್ಲಾರೂ ಆ ತಾಲೀಮು ಮುಗಿಸೇವಿ."

ದೊಡ್ಡ ನಗೆ.

"ಮಳಿಗಾಲದಾಗ ಮುಂಜಾನಿ ಬಸ್ಸಿಗೆ ನಾವು ಸಾಲಾಗಿ ಎದ್ದು ನಿಂದರ್ತೀವಿ. ಮಂತ್ರಿ ಬಂದ್ರೂ ಅಷ್ಟು ಮಂದಿ ಏಳೂದಿಲ್ಲ. ಇನ್ನ ಬ್ಯಾಸಿಗ್ಯಾಗೂ ಆ ಬಸ್ಸಿಗೆ ಸಲಾಮ ಮಾಡಸ್ರಿ."

ತುಟಿ ಒರೆಸಿಕೊಂಡರು. ಚೇರಮನ್ನರು ಕಣ್ಣಲ್ಲಿ ನೀರು ಬರುವಷ್ಟು ನಕ್ಕು, "ಚಿಗವ್ವ, ಸಾಕು ಮಾಡವ್ವ, ಹೊಟ್ಟಿ ನೋಯಾಕತ್ತು. ಮುಂದಿನ ಮೀಟಿಂಗನ್ಯಾಗ ನೋಡೂಣು" ಅಂದರು. ಠರಾವು ಮುಂದಕ್ಕೆ ಹೋಯಿತು. ಚಿಗವ್ವ ಗೆದ್ದರು ಎಂದು ನಾನು ತಿಳಿದೆ. ಅವರೂ ಹಾಗೇ ತಿಳಿದಿರಬೇಕು. ಹೊರಗೆ ಬರುವಾಗ ಮುಖ ಅರಳಿತ್ತು. ಪೈಲ್ವಾನರ ಮಾತನ್ನು, ಹೊಟ್ಟೆಯ ವಿಷಯ ತೆಗೆದು, ನಾನು ಪತ್ರಿಕೆಗೆ ಕಳಿಸಿದೆ. ಬಯಲಕಡೆಯ ಮಾತು ಅಚ್ಚಾಗುವುದಿಲ್ಲ.

ಮುಂದಿನ ಮೀಟಿಂಗಿನ ದಿನ ಕೋಣೆ ತುಂಬಿತ್ತು. ಮೆಂಬರರಲ್ಲದವರೂ ಕಿಟಕಿಯಲ್ಲಿ ನಿಂತಿದ್ದರು. ಚಿಗವ್ವ ಇವತ್ತು ಏನು ಹೇಳುತ್ತಾರೆಂದು ಕೇಳಲು ಬಂದವರು. ನಾನು ಪೆನ್ನು ತೆರೆದು ಕೂತಿದ್ದೆ.

ಚಿಗವ್ವ ಜಮಖಾನೆಯ ಮೇಲೆ ಕೂಡ್ರದೆ ನಿಂತೇ ಮಾತಾಡಿದರು.

"ಇವತ್ತ ನಗಿಸಾಕ ಬಂದಿಲ್ಲ. ನನ್ನ ಸೊಸಿ ಅಣ್ಣಿಗೇರಿಯಾಕಿ. ಬಸರಿ ಅದಾಳ. ಮಧ್ಯಾಹ್ನದ ಮ್ಯಾಲೆ ನೀರು ಕುಡ್ಯೂದು ಬಿಟ್ಟಾಳ. ಸಂಜಿಮುಂದ ಉಣ್ಣೂದು ಬಿಟ್ಟಾಳ. ಬ್ಯಾಡಂತ ಹೇಳಿದ್ರ, 'ಅತ್ತಿ, ಹೊರಗ ಹೋಗೂದು ಹೆಂಗ' ಅಂತಾಳ. ಮೊನ್ನಿ ಬಾವಿಕಟ್ಟಿ ಮ್ಯಾಲೆ ತಲಿ ತಿರುಗಿ ಬಿದ್ಲು. ಆಜೂಬಾಜೂ ಮಂದಿ ಇದ್ರು, ಹಿಡದ್ರು. ಜಾಲಿ ಕಡದ್ರ ಊರಿನ ಹೆಣ್ಮಕ್ಕಳು ಎಲ್ಲಿಗೆ ಹೋಗಬೇಕು? ಗರಡಿ ಬ್ಯಾಡ ಅನ್ನೂದಿಲ್ಲ. ಮೊದಲ ನಮಗ ಒಂದು ಮರಿಯಾಗೂ ಜಾಗಾ ತೋರಸ್ರಿ, ಗ್ವಾಡಿ ಕಟ್ಟಿ ಕೊಡ್ರಿ. ಆಮ್ಯಾಲೆ ಸಹಿ ಮಾಡ್ತೀನಿ."

ಕೈ ಸೆರಗಿಗೆ ಹೋಗಲಿಲ್ಲ. ತುಟಿ ಒರೆಸಿಕೊಳ್ಳಲಿಲ್ಲ. ಆದ್ದರಿಂದ ಮಾತು ಮುಗಿದಿಲ್ಲ ಎಂದು ಎಲ್ಲರೂ ಕಾದರು. ಛತ್ರಿಯ ಕಾಕಾ ಮುಂದಕ್ಕೆ ಬಾಗಿ, ಆಗಲೇ ನಗೆ ತಡೆದುಕೊಳ್ಳುತ್ತ ಕೇಳಿದರು: "ಹೂಂ. ಮುಂದ?"

"ಮುಂದ ಏನಿಲ್ಲ," ಅಂದರು ಚಿಗವ್ವ.

ಕೋಣೆ ಸಿಡಿಯಿತು. ಚೇರಮನ್ನರು ಮೇಜು ಬಡಿದು ನಕ್ಕರು. ಕಿಟಕಿಯಲ್ಲಿದ್ದವರು ಒಬ್ಬರ ಬೆನ್ನು ಒಬ್ಬರು ಗುದ್ದಿ ನಕ್ಕರು. ಸೆಕ್ರೆಟರಿ ನಕ್ಕ. ನಾನೂ ನಕ್ಕೆ. ನಗಲು ಕಾರಣ ಇರಲಿಲ್ಲ, ರೂಢಿ ಇತ್ತು. ಚಿಗವ್ವನ ಬಾಯಿಂದ ಬಂದದ್ದಕ್ಕೆ ನಗಬೇಕು ಅಂತ ನಮ್ಮ ಮೈಗೆ ಅಭ್ಯಾಸವಾಗಿತ್ತು.

ಅವರು ನಗುವವರನ್ನು ಒಬ್ಬೊಬ್ಬರನ್ನಾಗಿ ನೋಡಿದರು. ಅವಸರ ಮಾಡಲಿಲ್ಲ. ಕೊನೆಗೆ ನನ್ನ ಕಡೆ ಬಂದರು.

"ಬರಕೊಂಡೇನ ತಮ್ಮಾ?"

ನಾನು ಕಾಗದ ನೋಡಿದೆ. ಖಾಲಿ ಇತ್ತು. ಅಷ್ಟು ಹೊತ್ತೂ ನಾನು ನಗೆಯ ಸಾಲಿಗಾಗಿ ಕಾಯುತ್ತಿದ್ದೆ.

ಚಿಗವ್ವ ಹೊರಟುಹೋದರು. ಠರಾವು ಪಾಸಾಯಿತು. ಸಂಜೆ ಸಿಪಾಯಿ ಪುಸ್ತಕ ತೆಗೆದುಕೊಂಡು ಅವರ ಮನೆಗೆ ಹೋದ. ಸೈಕಲ್ಲಿನಿಂದ ಇಳಿದು ನಿಲ್ಲುವ ಅವರ ಗಂಡ ಅವತ್ತು ಬಾಗಿಲಿಗೆ ಅಡ್ಡ ಕೂತಿದ್ದರಂತೆ. "ಆಕಿ ಮನ್ಯಾಗಿಲ್ಲ" ಅಂದರು. ಚಿಗವ್ವ ಅವರ ಬೆನ್ನ ಹಿಂದೆಯೇ ಒಲೆಯ ಮುಂದೆ ಕೂತಿದ್ದರು. "ಆಕಿ ಕುಂತಾಳಲ್ರೀ" ಅಂದ ಸಿಪಾಯಿ. "ನಾ ಹೇಳಿದ್ನಲ್ಲಪಾ, ಇಲ್ಲ" ಅಂದರು. ನಾನು ಕೇಳಿದಂತೆ ಆ ಮನುಷ್ಯ ಜೀವನದಲ್ಲಿ ಮತ್ತೊಬ್ಬರ ಎದುರು ಹಟ ಹಿಡಿದದ್ದು ಅದೊಂದೇ ಸಲ.

ಪತ್ರಿಕೆಗೆ ನಾನು ಕಳಿಸಿದ್ದು: 'ಗರಡಿ ಮನೆಗೆ ಜಾಗ, ಪಂಚಾಯ್ತಿ ನಿರ್ಣಯ.' ಸತ್ಯವೇ. ತಪ್ಪು ಒಂದೂ ಇರಲಿಲ್ಲ.

ಜಾಲಿ ಕಡಿದರು. ಸೊಸೆ ಚೊಚ್ಚಲ ಹೆರಿಗೆಗೆ ಅಣ್ಣಿಗೇರಿಗೆ ಹೋದಳು. ತಾಯಿ, ಕೂಸು ಇಬ್ಬರೂ ಗಟ್ಟಿಯಾಗಿದ್ದರು. ಆದರೆ ತವರಿನವರು ತಿರುಗಿ ಕಳಿಸಲಿಲ್ಲ. ನಮ್ಮ ಮಗಳು ಉಪವಾಸ ಬೀಳುವ ಊರಿಗೆ ಕಳಿಸುವುದಿಲ್ಲ ಅಂದರು. ಚಿಗವ್ವನ ಮಗ ವಾರಕ್ಕೊಮ್ಮೆ ಅಣ್ಣಿಗೇರಿಗೆ ಹೋಗಿ ಕೂಸನ್ನು ನೋಡಿಕೊಂಡು ಬರುತ್ತಿದ್ದ. ಮೊಮ್ಮಗನ ಮುಖವನ್ನು ಚಿಗವ್ವ ಆಗ ನೋಡಿರಲಿಲ್ಲ. ಅವರು ಮೀಟಿಂಗಿಗೆ ಬರುವುದನ್ನೂ ಬಿಟ್ಟರು. ಅಗಸಿಯ ಮುಂದೆ ಕೊಡ ಹೊತ್ತು ಹಾದುಹೋಗುವಾಗ ಗಂಡಸರು ಬೇಕೆಂತಲೇ ಕೆಣಕುತ್ತಿದ್ದರು. ಅವರು ನಿಲ್ಲುತ್ತಿರಲಿಲ್ಲ. "ಚಿಗವ್ವಗ ಸೊಕ್ಕು ಬಂತು" ಅಂದರು ಕೆಲವರು. "ವಯಸ್ಸಾತು" ಅಂದರು ಕೆಲವರು.

ಗರಡಿಯ ಪಾಯ ಹಾಕಿದ ಸುದ್ದಿಯನ್ನು ಕಚೇರಿಗೆ ಮುಟ್ಟಿಸಲು ನಾನು ನಸುಕಿನ ಮೊದಲ ಬಸ್ಸು ಹತ್ತಿದೆ. ಬಸ್ಸಿನಲ್ಲಿ ಕೋರ್ಟಿಗೆ, ಕಚೇರಿಗೆ, ಹತ್ತಿ ಪೇಟೆಗೆ ಹೋಗುವ ನಮ್ಮೂರಿನವರು. ನಾನು ಮುಂದಿನ ಸೀಟಿನಲ್ಲಿದ್ದೆ. ಊರು ದಾಟಿ ತಿರುವು ಮುಗಿಯುತ್ತಲೇ ದೀಪದ ಬೆಳಕು ರಸ್ತೆಯ ಅಂಚಿಗೆ ಬಿತ್ತು. ಹೆಂಗಸರು ಸಾಲಾಗಿ ಎದ್ದು ಬೆನ್ನು ತಿರುಗಿಸಿದರು. ಒಬ್ಬರು ಏಳಲಿಲ್ಲ. ಬೆನ್ನು ತಿರುಗಿಸಲೂ ಇಲ್ಲ. ಸೀರೆಯನ್ನು ಸುತ್ತ ಮುಚ್ಚಿಕೊಂಡು, ತಲೆಯ ಸೆರಗು ಸರಿಯಾಗಿ ಹೊದ್ದು, ಬಸ್ಸನ್ನೇ ನೋಡುತ್ತ ಕೂತಿದ್ದರು. ಯಾರೆಂದು ಬಸ್ಸಿನಲ್ಲಿದ್ದವರಿಗೆಲ್ಲ ಗೊತ್ತಾಯಿತು.

ಡ್ರೈವರ್ ನಮ್ಮ ಕಡೆಯವನಲ್ಲ, ಗದಗಿನ ಕಡೆಯವನು. ಬಸ್ಸು ನಿಲ್ಲಿಸಿದ. ದೀಪ ಆರಿಸಿದ. ಕತ್ತಲೆಯಲ್ಲಿ ಇಂಜಿನ್ನಿನ ಸದ್ದು ಮಾತ್ರ ಉಳಿಯಿತು.

"ಯಾಕ್ರೀ, ಗಾಡಿ ಕೆಟ್ಟತೇನ?" ಹಿಂದಿನಿಂದ ಯಾರೋ ಕೇಳಿದರು.

"ಗಾಡಿ ಛಲೋ ಐತ್ರಿ," ಅಂದ ಡ್ರೈವರ್. "ಅವ್ವಾರು ಏಳಲಿಲ್ಲ. ಅಂದ ಮ್ಯಾಲೆ ನಾವು ನಿಂದ್ರಬೇಕಲ್ರೀ."

ಯಾರೂ ನಗಲಿಲ್ಲ. ಚಿಗವ್ವನ ವಿಷಯದಲ್ಲಿ ನಮ್ಮೂರ ಗಂಡಸರು ನಗದೆ ಕೂತದ್ದನ್ನು ನಾನು ಮೊದಲ ಸಲ ನೋಡಿದೆ. ಕಂಡಕ್ಟರ್ ನನ್ನ ಭುಜ ತಟ್ಟಿ, "ಬಾತ್ಮೀದಾರ್ರ, ಇದನ್ನ ಹಾಕ್ರಿ ಪೇಪರಿಗೆ" ಅಂದ. ನಾನು ಹಾಕಲಿಲ್ಲ. ನನ್ನ ಚೀಲದಲ್ಲಿ ಪಾಯ ಹಾಕಿದ ಸುದ್ದಿ ಇತ್ತು, ಅದನ್ನು ಕೊಟ್ಟು ಬಂದೆ.

ಮರುದಿನದಿಂದ ಬೇರೆ ಹೆಂಗಸರೂ ಏಳುವುದನ್ನು ಬಿಟ್ಟರು. ಬಸ್ಸು ದಿನಾ ತಿರುವಿನಲ್ಲಿ ದೀಪ ಆರಿಸಿ ನಿಲ್ಲತೊಡಗಿತು. ಹುಬ್ಬಳ್ಳಿಗೆ ತಡವಾಗಿ ಮುಟ್ಟತೊಡಗಿತು. ಕೋರ್ಟಿನಲ್ಲಿ ಕರೆದಾಗ ಇಲ್ಲದವರು, ಕಚೇರಿಯಲ್ಲಿ ಬೈಸಿಕೊಂಡವರು ಚೇರಮನ್ನರ ಮನೆಗೆ ಬಂದು ಕೂಗಾಡಿದರು. ಚೇರಮನ್ನರು ಚಿಗವ್ವನ ಗಂಡನನ್ನು ಕರೆಸಿ, ಹೆಂಡತಿಯನ್ನು ಹಿಡಿತದಲ್ಲಿಡಲು ಹೇಳಿದರು. ಆ ಮನುಷ್ಯ "ಹೌದ್ರಿ" ಅಂದು ಸೈಕಲ್ಲು ಹತ್ತಿ ಹೋದರು. ಬಸ್ಸು ತಿರುವಿನಲ್ಲಿ ನಿಲ್ಲುವುದು ನಿಲ್ಲಲಿಲ್ಲ.

ಮಳೆಗಾಲಕ್ಕೆ ಮುಂಚೆ ಗರಡಿಯ ಹಿಂದೆ, ಹೆಣ್ಣುಮಕ್ಕಳಿಗೆಂದು ಆಳೆತ್ತರದ ಗೋಡೆ ಎದ್ದಿತು. ಚಿಗವ್ವ ಮೀಟಿಂಗಿನಲ್ಲಿ ಕೇಳಿದ್ದು ಅದನ್ನೇ. ಅವರು ಕೇಳಿದ್ದಕ್ಕೆ ಅದು ಬರಲಿಲ್ಲ, ಬಸ್ಸು ತಡವಾಗಿದ್ದಕ್ಕೆ ಬಂತು. ಸೊಸೆ ಕೂಸನ್ನು ಎತ್ತಿಕೊಂಡು ಅಣ್ಣಿಗೇರಿಯಿಂದ ಬಂದಳು. ನಾನು ಬರೆದೆ: 'ಹೆಣ್ಣುಮಕ್ಕಳಿಗಾಗಿ ಗೋಡೆ, ಅಧ್ಯಕ್ಷರ ಕಾಳಜಿ.' ಚೇರಮನ್ನರ ಫೋಟೋದ ಜೊತೆಗೆ ಅಚ್ಚಾಯಿತು. ಆಮೇಲೆ ನಾನು ಹುಬ್ಬಳ್ಳಿಯ ಕಚೇರಿಗೇ ಕೆಲಸಕ್ಕೆ ಸೇರಿದೆ. ಹಳ್ಳಿಗಳಿಂದ ಬಂದ ಎಷ್ಟೋ ಬಾತ್ಮಿಗಳ ಕೊನೆಯ ಸಾಲುಗಳನ್ನು ಜಾಗ ಕಡಿಮೆ ಎಂದು ನಾನೇ ಹೊಡೆದುಹಾಕಿದ್ದೇನೆ. ಅವುಗಳಲ್ಲಿ ಏನು ಇತ್ತೆಂಬುದು ಒಂದೂ ನೆನಪಿಲ್ಲ.

ಊರಿಗೆ ಹೋದಾಗ ಚಿಗವ್ವನನ್ನು ಕಾಣುತ್ತಿದ್ದೆ. ಚಹಾ ಕೊಡುತ್ತಿದ್ದರು. ಮಕ್ಕಳು ಮರಿ ವಿಚಾರಿಸುತ್ತಿದ್ದರು. ಒಳಗೆ ಹೆಂಗಸರು ಕೂಡಿದಾಗ ಅವರ ದನಿ, ಹಿಂದೆಯೇ ಎಲ್ಲರ ನಗೆ, ಹಿತ್ತಲಿನಿಂದ ಕೇಳುತ್ತಿತ್ತು. ನಾನು ಬಂದದ್ದು ತಿಳಿದರೆ ಅದು ನಿಲ್ಲುತ್ತಿತ್ತು.

ಸಂತಾಪ ಸಭೆಯ ಕೊನೆಗೆ ಅಂದಿನ ಚೇರಮನ್ನರ ಮಗ ಮೈಕು ಹಿಡಿದ. "ಈಗ ಒಂದು ನಿಮಿಷ ಮೌನಾಚರಣೆ. ಎಲ್ಲರೂ ಎದ್ದು ನಿಂದ್ರಬೇಕು."

ಗಂಡಸರು ಕುರ್ಚಿ ಸರಿಸಿ ಎದ್ದೆವು. ಹಿಂದೆ ಜಮಖಾನೆಯ ಮೇಲೆ ಹೆಂಗಸರು ಕೂತೇ ಇದ್ದರು. ಕೇಳಿಸಿಲ್ಲವೇನೋ ಎಂದು ಅವನು ಕೈಯೆತ್ತಿ ಸನ್ನೆ ಮಾಡಿದ. "ಅವ್ವಾರ, ಏಳ್ರಿ. ಚಿಗವ್ವಗ ಮರ್ಯಾದಿ."

ಹೆಂಗಸರ ಮುಂದಿನ ಸಾಲಿನಲ್ಲಿ ಸೊಸೆ ಕೂತಿದ್ದರು. ಅಣ್ಣಿಗೇರಿಯಿಂದ ಬಂದ ಆ ಸೊಸೆಗೆ ಈಗ ತಲೆ ಪೂರ್ತಿ ನರೆತಿದೆ. ಅವರು ದನಿ ಏರಿಸದೆ ಹೇಳಿದರು:

"ನಾವು ಭಾಳ ಸರ್ತಿ ಎದ್ದು ನಿಂತೇವಪ್ಪಾ. ಇವತ್ತ ನೀವ ನಿಂದರ್ರಿ."

ಹೇಳಿ, ಸೆರಗಿನ ತುದಿಯಿಂದ ತುಟಿ ಒರೆಸಿಕೊಂಡರು.

ಗಂಡಸರಲ್ಲಿ ಯಾರೂ ನಗಲಿಲ್ಲ. ಗರಡಿ ಮನೆಯಲ್ಲಿ, ಆ ತಗ್ಗು ಇದ್ದ ಜಾಗದಲ್ಲಿ, ತಲೆ ತಗ್ಗಿಸಿ ನಿಂತೆವು. ನಿಮಿಷ ಯಾವಾಗ ಮುಗಿಯಿತೆಂದು ಯಾರೂ ಹೇಳಲಿಲ್ಲ. ಆ ಹೆಂಗಸರು ಹೇಳುವತನಕ ಕೂಡ್ರುವ ಧೈರ್ಯ ನನಗೆ ಬರಲಿಲ್ಲ.